ಹನ್ನೆರಡು ಹೆಸರು, ಹದಿನಾಲ್ಕು ಜನ

ಇದನ್ನು ಬರೆಯಬೇಕೆಂದು ನಾಲ್ಕು ಮಳೆಗಾಲಗಳಿಂದ ಅಂದುಕೊಳ್ಳುತ್ತಿದ್ದೇನೆ. ಜೂನ್ ಹತ್ತಿರವಾದಂತೆ ಕಿಂಡಿ ಅಣೆಕಟ್ಟಿನ ಹಲಗೆಗಳನ್ನು ತೆಗೆಯುತ್ತಾರೆ, ಹೊಳೆ ಕೆಂಪಾಗುತ್ತದೆ, ನಾವು ದೋಣಿಗಳನ್ನು ದಡಕ್ಕೆ ಎಳೆದು ಕವುಚಿ ಹಾಕುತ್ತೇವೆ. ಆಮೇಲೆ ಮೂರು ನಾಲ್ಕು ತಿಂಗಳು ನನಗೆ ಕೆಲಸವಿಲ್ಲ. ಆದರೂ ಪ್ರತಿ ಸಲ ಏನಾದರೊಂದು ನೆವ ಸಿಗುತ್ತಿತ್ತು. ಒಂದು ವರ್ಷ ಕಣ್ಣಿನ ಪೊರೆಯ ಆಪರೇಷನ್. ಇನ್ನೊಂದು ವರ್ಷ ಬರೆಯಲು ಕೂತು ಒಂದು ಪುಟ ಬರೆದೆ. ಅದರಲ್ಲಿ ನಾನು ಒಳ್ಳೆಯವನ ಹಾಗೆ ಕಾಣುತ್ತಿದ್ದೆ, ಹರಿದು ಹಾಕಿದೆ. ಈ ಸಲ ನೆವ ಹುಡುಕಲಿಲ್ಲ.

ನಾನು ಹತ್ತನೆಯ ತರಗತಿಯವರೆಗೆ ಓದಿದವನು. ಬಂಟ್ವಾಳದಿಂದ ಸ್ವಲ್ಪ ಮೇಲಕ್ಕೆ, ನೇತ್ರಾವತಿಯಲ್ಲಿ, ಅಪ್ಪ ಕಡವು ನಡೆಸುತ್ತಿದ್ದರು, ಜನರನ್ನು ದೋಣಿಯಲ್ಲಿ ಆಚೆ ದಡಕ್ಕೆ ದಾಟಿಸುವ ಕೆಲಸ. ಅವರ ನಂತರ ನಾನು. ಸೇತುವೆ ಬಂತು, ಕಡವು ನಿಂತಿತು. ಅಣೆಕಟ್ಟಿನ ಹಿನ್ನೀರಿನಲ್ಲಿ ಒಬ್ಬರು ವಿಹಾರದ ದೋಣಿಗಳನ್ನು ತಂದಿಟ್ಟಾಗ ನನ್ನನ್ನು ಕರೆದರು. ಹನ್ನೆರಡು ಸೀಟಿನ ಫೈಬರ್ ಮೋಟಾರ್ ಬೋಟು ಒಂದು, ಕಾಲಿನಲ್ಲಿ ತುಳಿಯುವಂಥವು ಆರು, ಒಬ್ಬರೇ ಕೂತು ಹುಟ್ಟು ಹಾಕುವ ಸಣ್ಣ ಕಯಾಕುಗಳು ಎರಡು. ಮೋಟಾರ್ ಬೋಟು ನನ್ನ ಕೈಯಲ್ಲಿ.

ಅಪ್ಪ ನನಗೆ ಕಲಿಸಿದ ನಿಯಮಗಳು ಎರಡೇ. ದೋಣಿ ಹತ್ತಿದವರ ತಲೆ ಎಣಿಸಬಾರದು, ಹೆಸರು ಕೇಳಬಾರದು. ಎಣಿಸಿದ್ದು ಹೊಳೆಗೆ ಕೇಳಿಸುತ್ತದೆ, ಅದೂ ತನ್ನ ಪಾಲನ್ನು ಎಣಿಸಿಕೊಳ್ಳುತ್ತದೆ ಎಂದು ಅವರು ನಂಬಿದ್ದರು. ಹಾಗಾದರೆ ಭಾರ ಗೊತ್ತಾಗುವುದು ಹೇಗೆ? ದೋಣಿಯ ಅಂಚಿಗೂ ನೀರಿಗೂ ನಡುವೆ ಒಂದು ಗೇಣು ಉಳಿಯಬೇಕು. ಉಳಿದರೆ ಹೊರಡುವುದು, ಇಲ್ಲದಿದ್ದರೆ ಕೊನೆಗೆ ಹತ್ತಿದವರನ್ನು ಇಳಿಸುವುದು. ನಲವತ್ತು ವರ್ಷ ಈ ಗೇಣಿನಲ್ಲೇ ನಾನು ಜನರನ್ನು ದಾಟಿಸಿದೆ, ಒಬ್ಬರ ಕಾಲೂ ಒದ್ದೆಯಾಗಲಿಲ್ಲ. ಫೈಬರ್ ಬೋಟಿಗೂ ಅದೇ ಸಾಕು ಎಂದುಕೊಂಡಿದ್ದೆ.

ನಾಲ್ಕು ವರ್ಷದ ಹಿಂದೆ ದೋಣಿಗಳ ಮಾಲಕರು ಒಂದು ಫೈಲು ಹಿಡಿದುಕೊಂಡು ಬಂದರು. ಒಳನಾಡಿನ ನೀರಿನಲ್ಲಿ ಜನರನ್ನು ಕೂರಿಸುವ ಮೋಟಾರ್ ಬೋಟಿಗೆ ನೋಂದಣಿ ಬೇಕು, ಇಲಾಖೆಯವರು ಬಂದು ಬೋಟನ್ನು ಪರೀಕ್ಷಿಸುವ ಸರ್ವೆ ಆಗಬೇಕು, ವಿಮೆ ಬೇಕು, ನಡೆಸುವವನಿಗೆ ಅರ್ಹತೆಯ ಸರ್ಟಿಫಿಕೇಟ್ ಬೇಕು. ಎಷ್ಟು ಜನ ಎಂದು ಬೋಟಿನ ಮೈಮೇಲೆ ಬರೆದಿರಬೇಕು, ಹತ್ತುವವರ ಹೆಸರು ರಿಜಿಸ್ಟರಿನಲ್ಲಿರಬೇಕು. ಇಷ್ಟು ದಿನ ಯಾರೂ ಕೇಳಿರಲಿಲ್ಲ, ಇನ್ನು ಕೇಳುತ್ತಾರೆ ಎಂದರು. ಅದನ್ನೆಲ್ಲ ಸರಿ ಮಾಡಲು ಒಬ್ಬಳನ್ನು ನೇಮಿಸಿದರು.

ಅವಳು ಮೂಡುಬಿದಿರೆಯಿಂದ ದಿನಾ ಮೊದಲ ಬಸ್ಸಿಗೆ ಬರುತ್ತಿದ್ದಳು. ಇಪ್ಪತ್ತೆಂಟರ ಆಸುಪಾಸು. ಕಾಲೇಜಿನಲ್ಲಿ ನೌಕಾ ಕೆಡೆಟ್ ಆಗಿದ್ದವಳು, ಜೀವರಕ್ಷಣೆಯ ತರಬೇತಿ ಆದವಳು. ಮನೆಮಾತು ಕೊಂಕಣಿ, ನಮ್ಮ ಹತ್ತಿರ ತುಳು. ಆ ಮಾತುಗಳನ್ನೇ ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬಂದ ಮೊದಲ ದಿನ, ದೋಣಿ ಹತ್ತುವ ಜೆಟ್ಟಿಯ ಮೇಲೆ ನಿಂತು ಕೇಳಿದಳು:

"ಅಣ್ಣ, ಇದರಲ್ಲಿ ಎಷ್ಟು ಜನ ಹಾಕ್ತೀರಿ?"

"ಹಿಡಿಸಿದಷ್ಟು."

"ಹಿಡಿಸಿದಷ್ಟು ಅಂದ್ರೆ?"

"ಹೊಳೆ ಬೇಡ ಹೇಳುವವರೆಗೆ."

ಪಕ್ಕದಲ್ಲಿದ್ದ ಕ್ಯಾಂಟೀನಿನವನು ನಕ್ಕ. ಅವಳೂ ನಕ್ಕಳು. "ಹೊಳೆ ಬೇಡ ಹೇಳುವಾಗ ತಡ ಆಗಿರ್ತದಲ್ಲ ಅಣ್ಣ" ಎಂದಳು.

ಆ ನಗುವಿನಲ್ಲೇ ನನಗೆ ಏನೋ ಚುಚ್ಚಿತು. ಅವತ್ತಿನಿಂದ ಅವಳನ್ನು ನಾನು "ಟೀಚರ್" ಎಂದು ಕರೆಯತೊಡಗಿದೆ. ಗೌರವದಿಂದಲ್ಲ. ಎಲ್ಲರಿಗೂ ಅದೇ ಅಭ್ಯಾಸವಾಯಿತು.

ಟೀಚರ್ ಪಾಠ ಮಾಡದೆ ಯಾರನ್ನೂ ಹತ್ತಿಸುತ್ತಿರಲಿಲ್ಲ. ಮೊದಲು ಸಾಲಾಗಿ ನಿಲ್ಲಿಸಿ ಹೆಸರು, ವಯಸ್ಸು, ಊರು ಬರೆಯುವುದು. ಆಮೇಲೆ ಲೈಫ್ ಜಾಕೆಟ್. ತೊಡಿಸಿ, ಬಕಲ್ ಹಾಕಿ, ಎರಡೂ ಭುಜದ ಹತ್ತಿರ ಹಿಡಿದು ಮೇಲಕ್ಕೆ ಜಗ್ಗಿ ನೋಡುವಳು. "ಜಾಕೆಟ್ ಗಲ್ಲದ ಮೇಲೆ ಬಂದ್ರೆ ಅದು ಇದ್ದೂ ಇಲ್ಲದ ಹಾಗೆ. ನೀರಿಗೆ ಬಿದ್ದಾಗ ಜಾಕೆಟ್ ತೇಲ್ತದೆ, ನೀವು ಕೆಳಗಿರ್ತೀರಿ." ದೋಣಿಯಲ್ಲಿ ಎದ್ದು ನಿಲ್ಲಬಾರದು, ಎಲ್ಲರೂ ಒಂದೇ ಬದಿಗೆ ಹೋಗಬಾರದು. ಉಜಿರೆಯ ಕಾಲೇಜಿನಿಂದ ಬಂದ ಗುಂಪೊಂದು "ಟೀಚರ್, ಇಲ್ಲಿಯೂ ಹಾಜರಿಯಾ? ಪ್ರಾಕ್ಸಿ ನಡೀತದಾ?" ಎಂದು ಕಿಚಾಯಿಸಿತು. "ನಡೀತದೆ, ಮುಳುಗುವಾಗಲೂ ಪ್ರಾಕ್ಸಿಯೇ ಮುಳುಗುವುದಾದ್ರೆ" ಎಂದಳು. ಅವರು ತೆಪ್ಪಗೆ ಬಕಲ್ ಹಾಕಿಕೊಂಡರು.

ನನಗೂ ಪಾಠ ಬಂತು. ಇಂಜಿನಿನ ಜೊತೆ ಕೆಂಪು ಸುರುಳಿ ಹಗ್ಗವೊಂದು ಬರುತ್ತದೆ. ಅದರ ಒಂದು ತುದಿ ಇಂಜಿನಿನ ಗುಂಡಿಗೆ, ಇನ್ನೊಂದು ತುದಿ ನಡೆಸುವವನ ಮಣಿಕಟ್ಟಿಗೆ. ಅವನು ಬಿದ್ದರೆ, ಜಾಗ ಬಿಟ್ಟು ಸರಿದರೆ, ಹಗ್ಗ ಕಿತ್ತುಕೊಂಡು ಇಂಜಿನ್ ನಿಲ್ಲುತ್ತದೆ. ನಾನು ಗುಂಡಿಗೆ ಕ್ಲಿಪ್ ಮಾತ್ರ ಸಿಕ್ಕಿಸಿ ಹಗ್ಗವನ್ನು ಬಿಚ್ಚಿ ಜೆಟ್ಟಿಯ ಕಂಬದ ಮೊಳೆಗೆ ನೇತು ಹಾಕುತ್ತಿದ್ದೆ.

"ಇದೆಂತ ಅಣ್ಣ, ಇಲ್ಲಿ ನೇತಾಡುವುದು?"

"ನಾಯಿಯ ಹಾಗೆ ಕಟ್ಟಿಕೊಂಡು ಕೂತ್ಕೊಳ್ಳಿಕ್ಕೆ ನನ್ನಿಂದ ಆಗುವುದಿಲ್ಲ ಮಾರಾಯ್ತಿ."

"ಕಟ್ಟದಿದ್ರೆ ನೀವು ಬಿದ್ದ ಮೇಲೆ ದೋಣಿ ತನ್ನಷ್ಟಕ್ಕೇ ಚಾರ್ಮಾಡಿ ಘಾಟಿಗೆ ಹೋಗ್ತದೆ."

ಅವಳು ದಿನಾ ಹಗ್ಗ ತಂದು ಸೀಟಿನ ಮೇಲಿಡುವುದು, ನಾನು ದಿನಾ ಮೊಳೆಗೆ ಹಾಕುವುದು. ಹೀಗೆ ನಡೆಯಿತು. ಹನ್ನೆರಡು ಆಯಿತೆಂದು ಅವಳು ಹೇಳಿದ ಮೇಲೂ "ಒಂದು ಗೇಣು ಉಂಟಲ್ಲ" ಎಂದು ನಾನು ಇನ್ನೊಬ್ಬರನ್ನು ಹತ್ತಿಸಿಕೊಳ್ಳುವುದೂ ಕೆಲವು ಸಲ ನಡೆಯಿತು.

ಅನುಮಾನ ಶುರುವಾದದ್ದು ನೀಲಿ ರಟ್ಟಿನ ಪುಸ್ತಕದಿಂದ. ಅದು ರಿಜಿಸ್ಟರಲ್ಲ, ಅವಳ ಸ್ವಂತದ್ದು. ಪ್ರತಿ ಟ್ರಿಪ್ ಹೊರಡುವಾಗ ನನ್ನ ಬೋಟನ್ನು ದಿಟ್ಟಿಸಿ ನೋಡಿ ಏನೋ ಬರೆಯುವಳು. ಬೋಟಿನ ಪಕ್ಕದ ಫೋಟೋ ಮೊಬೈಲಿನಲ್ಲಿ ತೆಗೆಯುವಳು. ನಾನು ಹತ್ತಿರ ಹೋದರೆ ಪುಸ್ತಕ ಮುಚ್ಚುವಳು. ಒಂದು ದಿನ ಟೇಪು ಹಿಡಿದುಕೊಂಡು ಬಂದು "ಅಣ್ಣ, ಕೈ ಬಿಡಿಸಿ" ಎಂದಳು. ಬಿಡಿಸಿದೆ. ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಅಳೆದಳು. "ಅಂಗಿ ಹೊಲಿಸ್ತೀರಾ ಟೀಚರ್?" ಎಂದೆ. ನಕ್ಕು ಹೋದಳು.

ಕ್ಯಾಂಟೀನಿನವನು ಒಂದು ಮಧ್ಯಾಹ್ನ ನನ್ನ ಪಕ್ಕ ಬಂದು ಕೂತ.

"ಅಣ್ಣೆರೆ, ನಿಮ್ಮದು ಪೂರಾ ಆ ಪುಸ್ತಕದಲ್ಲಿ ಉಂಟು."

"ಎಂತ ಉಂಟು?"

"ಚಾ ಕೊಡುವಾಗ ಕಣ್ಣಿಗೆ ಬಿತ್ತು. ದಿನಾಂಕ ಉಂಟು, ತಲೆ ಲೆಕ್ಕ ಉಂಟು. 'ಹದಿಮೂರು, ಹೇಳಿದೆ, ಕೇಳಲಿಲ್ಲ' ಅಂತ ಉಂಟು. ಜಾಗ್ರತೆ ಮಾರಾಯ್ರೆ."

ನನ್ನ ಹತ್ತಿರ ಸರ್ಟಿಫಿಕೇಟ್ ಇರಲಿಲ್ಲ. ಪರೀಕ್ಷೆಗೆ ಕೂರಬೇಕಿತ್ತು. ಅಷ್ಟರೊಳಗೆ ಆ ಪುಸ್ತಕ ಬಂದರು ಇಲಾಖೆಯ ಸರ್ವೆಯವರ ಕೈಗೆ ಹೋದರೆ ನಾನು ದಡದಲ್ಲೇ ಉಳಿಯುವವನು. ಹೊಳೆ ಬಿಟ್ಟರೆ ನನಗೆ ಬೇರೆ ಏನೂ ಗೊತ್ತಿಲ್ಲ. ಅವಳು ನನ್ನ ಜಾಗಕ್ಕೇ ಕಣ್ಣು ಹಾಕಿದ್ದಾಳೆ ಎಂದು ತೀರ್ಮಾನಿಸಿದೆ. ಅಂದಿನಿಂದ ಅವಳು ಮಾಡಿದ್ದೆಲ್ಲ ಅದಕ್ಕೆ ಸಾಕ್ಷಿಯಾಗಿ ಕಂಡಿತು. ಚಾ ಕುಡಿಯಲು ಕರೆದರೂ, ಮೊಣಕಾಲಿನ ನೋವು ಹೇಗುಂಟು ಎಂದು ಕೇಳಿದರೂ.

ಸೋಮವಾರ ನಮಗೆ ರಜೆ. ಮಂಗಳವಾರ ಬಂದರೆ ಬೋಟಿನ ಹಗ್ಗದ ಗಂಟು ಬೇರೆ ಇದೆ, ನನ್ನ ಗಂಟಲ್ಲ. ಒಳಗೆ ಮರಳಿನ ಕಣ. ಕ್ಯಾಂಟೀನಿನವನು ಹೇಳಿದ: "ನಿನ್ನೆ ಇಬ್ಬರು ಆಳು ಮಾಡಿ ಮರಳಿನ ಚೀಲ ತುಂಬಿಸಿದ್ದು. ಟೀಚರ್ ಮರಳಿನ ವ್ಯಾಪಾರ ಶುರು ಮಾಡಿದ್ರಾ ಅಂತ ನಾನೇ ಕೇಳಿದೆ." ನಾನು ನೇರವಾಗಿ ಅವಳ ಹತ್ತಿರ ಹೋದೆ.

"ಬೋಟಿನ ಹಗ್ಗ ಬಿಚ್ಚಿದ್ದು ಯಾರು?"

"ನಾನು ಅಣ್ಣ. ಮಾಲಕರಿಗೆ ಹೇಳಿದ್ದೆ."

"ನನಗೆ ಹೇಳ್ಲಿಲ್ಲ."

"ನಿಮಗೆ ಹೇಳಿದ್ರೆ ಬೇಡ ಹೇಳ್ತಿದ್ರಿ. ಮೂರು ಚೀಲಕ್ಕೆ ಒಬ್ಬ ಮನುಷ್ಯ ಅಂತ ಲೆಕ್ಕ ಹಾಕಿ ನೋಡಿದ್ದು. ಬನ್ನಿ, ಪುಸ್ತಕದಲ್ಲಿ ತೋರಿಸ್ತೇನೆ."

"ನಿಮ್ಮ ಪುಸ್ತಕ ನೀವೇ ಇಟ್ಕೊಳ್ಳಿ" ಎಂದು ಬಂದುಬಿಟ್ಟೆ. ಅವಳಾಗಿಯೇ ತೋರಿಸಲು ಬಂದಿದ್ದಳು. ನಾನು ನೋಡಲಿಲ್ಲ. ಇದನ್ನು ಅಡಿಗೆರೆ ಹಾಕಿ ಬರೆಯಬೇಕು.

ಸರ್ವೆಗೆ ಹತ್ತು ದಿನ ಇತ್ತು. ಭಾನುವಾರ. ಬೆಳ್ತಂಗಡಿ ಕಡೆಯ ಒಂದು ದೊಡ್ಡ ಕುಟುಂಬ ಬಂತು. ಟೀಚರ್ ಹನ್ನೆರಡು ಹೆಸರು ಬರೆದಳು, ಹನ್ನೆರಡು ಜಾಕೆಟ್ ತೊಡಿಸಿ ಜಗ್ಗಿ ನೋಡಿದಳು, ಬೆರಳು ಮಾಡಿ ತಲೆ ಎಣಿಸಿದಳು. ಅವಳು ಎಣಿಸುವಾಗ ನಾನು ಯಾವತ್ತಿನಂತೆ ಮುಖ ತಿರುಗಿಸಿ ನಿಂತೆ.

"ಹನ್ನೆರಡು. ಫುಲ್. ಅಣ್ಣ, ದಾರಿಯಲ್ಲಿ ಯಾರನ್ನೂ ಹತ್ತಿಸ್ಬೇಡಿ."

ಹೊಳೆ ತಿರುಗುವಲ್ಲಿ, ಜೆಟ್ಟಿಯಿಂದ ಕಾಣದ ಜಾಗದಲ್ಲಿ ಒಂದು ಮರಳ ದಿಬ್ಬ ಉಂಟು. ಅಲ್ಲಿ ಇಬ್ಬರು ಗಂಡಸರು ಕೈ ಬೀಸುತ್ತಿದ್ದರು. ಅದೇ ಕುಟುಂಬದವರು, ದಡದಲ್ಲೇ ನಡೆದು ಮುಂದೆ ಹೋದವರು. ಬೋಟಿನಲ್ಲಿದ್ದ ಯಜಮಾನರು "ನಮ್ಮವರೇ ಅಣ್ಣ, ಹಾಕಿಕೊಳ್ಳಿ, ಜಾಗ ಉಂಟಲ್ಲ" ಎಂದರು. ಜಾಕೆಟ್ ಇರಲಿಲ್ಲ. ಟೀಚರ್ ಹೇಳಿದ್ದು ಕಿವಿಯಲ್ಲಿತ್ತು. ಕಿವಿಯಲ್ಲಿದ್ದುದರಿಂದಲೇ ನಿಲ್ಲಿಸಿದೆ ಎಂದು ಈಗ ಅನಿಸುತ್ತದೆ. ಇಬ್ಬರೂ ಹತ್ತಿದರು. ಅಂಚು ನೋಡಿದೆ. ಎಲ್ಲರೂ ಕೂತಿದ್ದರು, ಒಂದು ಗೇಣು ಸರಿಯಾಗಿ ಉಳಿದಿತ್ತು. ಹೊರಟೆ.

ಕುಟುಂಬದ ಅಜ್ಜಿ ನನ್ನ ಎದುರಿನ ಸೀಟಿನಲ್ಲಿದ್ದರು. "ಎದೆ ಕಟ್ಟಿದ ಹಾಗೆ ಆಗ್ತದೆ ಮಗಾ" ಎಂದು ಬಕಲ್ ಬಿಚ್ಚಿಕೊಂಡರು. ನೋಡಿದೆ, ಸುಮ್ಮನಿದ್ದೆ.

ಬಂಡೆಯ ಹತ್ತಿರ ನೀರುನಾಯಿಗಳು ಕಂಡವು, ಮೂರು ನಾಲ್ಕು. "ಅಲ್ಲಿ ನೋಡಿ!" ಎಂದು ಯಾರೋ ಕೂಗಿದರು. ಒಂದೇ ಸಲಕ್ಕೆ ಎಲ್ಲರೂ ಮೊಬೈಲ್ ಹಿಡಿದು ಎಡಬದಿಗೆ ಎದ್ದರು. ನನ್ನ ಗೇಣು ಎಲ್ಲಿ ಹೋಯಿತೋ ಗೊತ್ತಿಲ್ಲ. ಅಂಚಿನ ಮೇಲಿಂದ ನೀರು ಹಾಸಿಗೆ ಬಿಡಿಸಿದ ಹಾಗೆ ಒಳಗೆ ಬಂತು. ಕಿರುಚಿಕೊಂಡು ಎಲ್ಲರೂ ಬಲಕ್ಕೆ ಬಿದ್ದರು, ಬೋಟು ಬಲಕ್ಕೆ ತೂಗಿತು, ಅಜ್ಜಿ ಜಾರಿ ನೀರಿಗೆ ಹೋದರು.

ನಾನು ಇಂಜಿನಿನ ಹಿಡಿಕೆ ಬಿಟ್ಟು ಅವರತ್ತ ಬಾಗಿದೆ. ಕೈಗೆ ಸಿಗಲಿಲ್ಲ. ಕೆಂಪು ಹಗ್ಗ ಜೆಟ್ಟಿಯ ಮೊಳೆಯಲ್ಲಿತ್ತು, ಇಂಜಿನ್ ನಿಲ್ಲಲಿಲ್ಲ. ಬೋಟು ಅಜ್ಜಿಯನ್ನು ಬಿಟ್ಟು ಸುತ್ತು ಹಾಕತೊಡಗಿತು. ತಿರುಗಿ ಅವರ ಮೇಲೆಯೇ ಬರುತ್ತಿತ್ತು. ಹಿಂಬದಿಗೆ ತೆವಳಿ ಗುಂಡಿ ಒತ್ತುವಷ್ಟರಲ್ಲಿ ನೀರೊಳಗೆ ತಿರುಗುವ ಇಂಜಿನಿನ ಫ್ಯಾನು ಅವರಿಂದ ಎರಡು ಮಾರು ದೂರದಲ್ಲಿತ್ತು. ಜಾಕೆಟ್ ಮೇಲೆದ್ದು ಅವರ ಮುಖ ಮುಚ್ಚಿತ್ತು. ಎರಡು ಕೈಗಳು ಮಾತ್ರ ಕಾಣುತ್ತಿದ್ದವು.

ಕಿರುಚಿದ್ದು ಜೆಟ್ಟಿಗೆ ಕೇಳಿಸಿರಬೇಕು. ಟೀಚರ್ ಕಯಾಕಿನಲ್ಲಿ ಬಂದಳು. ಸ್ವಲ್ಪ ದೂರದಲ್ಲೇ ನೀರಿಗಿಳಿದು, ಅಜ್ಜಿಯ ಬೆನ್ನ ಹಿಂದಿನಿಂದ ಹೋಗಿ, ಜಾಕೆಟ್ಟನ್ನು ಕೆಳಕ್ಕೆ ಜಗ್ಗಿ ಹಿಡಿದು ಮುಖ ಮೇಲೆ ಮಾಡಿದಳು. "ಅಣ್ಣ, ಇಂಜಿನ್ ಮುಟ್ಟಬೇಡಿ. ಬೋಟಿನ ಹಗ್ಗ ಬಿಸಾಡಿ" ಎಂದಳು. ಸ್ವರ ಏರಿರಲಿಲ್ಲ. ಬಿಸಾಡಿದೆ, ಎಳೆದೆವು. ಅಜ್ಜಿ ನೀರು ಕಾರಿದರು. ಬಂಟ್ವಾಳದ ಆಸ್ಪತ್ರೆಗೆ ಕೊಂಡುಹೋದರು. ಎರಡು ದಿನದಲ್ಲಿ ಮನೆಗೆ ಹೋದರಂತೆ.

ಸಂಜೆ ಮಾಲಕರು ಬಂದರು. ಕ್ಯಾಂಟೀನಿನ ಮೇಜಿನ ಮೇಲೆ ರಿಜಿಸ್ಟರ್ ಬಿಡಿಸಿದರು.

"ಇಲ್ಲಿ ಹನ್ನೆರಡು ಹೆಸರು. ಬೋಟಿನಲ್ಲಿ ಹದಿನಾಲ್ಕು ಜನ ಇದ್ರಂತೆ. ಇಬ್ಬರು ಎಲ್ಲಿಂದ ಬಂದ್ರು?"

ಟೀಚರ್ ನನ್ನನ್ನು ನೋಡಿದಳು. ನಾನೇ ಹೇಳುತ್ತೇನೆಂದು ಕಾಯುತ್ತಿದ್ದಳು. ಅವಳ ಕೂದಲು ಇನ್ನೂ ಒದ್ದೆಯಿತ್ತು.

"ಇಲ್ಲಿಂದಲೇ ಹತ್ತಿದ್ದು. ಎಣಿಸಿದ್ದರಲ್ಲಿ ತಪ್ಪಿರ್ಬೇಕು" ಎಂದೆ.

"ಅಣ್ಣ?" ಎಂದಳು. ಅಷ್ಟೇ. ಆಮೇಲೆ ಮಾಲಕರಿಗೆ, "ನಾನು ಹನ್ನೆರಡು ಎಣಿಸಿದ್ದೇನೆ ಸರ್. ಹನ್ನೆರಡು ಜಾಕೆಟ್ ಹೋಗಿದೆ. ಬೇಕಾದ್ರೆ ಆ ಮನೆಯವರನ್ನು ಕೇಳಿ."

ಮಾಲಕರಿಗೆ ಅವರನ್ನು ಕೇಳುವುದು ಬೇಡವಾಗಿತ್ತು. ಕೇಳಲು ಹೋದರೆ ದೂರು ಕೊಡುತ್ತಾರೋ ಎಂಬ ಹೆದರಿಕೆ. ಆದರೂ ಅವರ ಮುಖದಲ್ಲಿ ಅನುಮಾನ ನನ್ನ ಕಡೆಗೆ ತಿರುಗುವುದು ಕಂಡಿತು. ಆಗ ನಾನು ಅಂದೆ:

"ಅವರ ಗಮನ ಎಣಿಸುವುದರಲ್ಲಿ ಎಲ್ಲಿ ಉಂಟು ಧಣಿ? ಸದಾ ಒಂದು ನೀಲಿ ಪುಸ್ತಕದಲ್ಲಿ ಬರೆಯುವುದು. ಅದು ಯಾರಿಗೆ ಕೊಡ್ಲಿಕ್ಕೆ ಅಂತ ಕೇಳಿ."

ಮಾಲಕರು ಪುಸ್ತಕ ಕೇಳಿದರು, ಅವಳು ಕೊಟ್ಟಳು. ನಾಲ್ಕು ಪುಟ ಮಗುಚುವಷ್ಟರಲ್ಲಿ ಅವರ ಕಿವಿ ಕೆಂಪಾಯಿತು.

"ನಮ್ಮ ಬೋಟಿನಲ್ಲಿ ಹನ್ನೊಂದು ಸಲ ಜಾಸ್ತಿ ಜನ ಹಾಕಿದ್ದು ಅಂತ ಬರೆದಿಟ್ಟಿದ್ದೀರಲ್ಲ! ಸರ್ವೆಯವರ ಎದುರು ಓದ್ಲಿಕ್ಕಾ?"

"ಮೊದಲು ನೀವು ಓದ್ತಿದ್ರೆ ಒಳ್ಳೇದಿತ್ತು ಸರ್."

ನಾಳೆಯಿಂದ ಬರುವುದು ಬೇಡ ಎಂದರು. ಅವಳು ಚೀಲ ತೆಗೆದುಕೊಂಡು ಜೆಟ್ಟಿಗೆ ಹೋದಳು, ಕುತ್ತಿಗೆಯಲ್ಲಿ ಸದಾ ಇರುತ್ತಿದ್ದ ಊದುವ ಸೀಟಿಯನ್ನು ಬಿಚ್ಚಿ ಮೊಳೆಗೆ ಹಾಕಿ, ಅಲ್ಲಿದ್ದ ಕೆಂಪು ಹಗ್ಗವನ್ನು ತೆಗೆದುಕೊಂಡು ಬಂದು ನನ್ನ ಕೈಯಲ್ಲಿಟ್ಟಳು.

"ಇದನ್ನು ಕಟ್ಟಿಕೊಳ್ಳಿ ಅಣ್ಣ."

ಬೈದಿದ್ದರೆ ನಾನೂ ಎರಡು ಮಾತು ಹೇಳಿ ಹಗುರಾಗುತ್ತಿದ್ದೆ.

ಪುಸ್ತಕವನ್ನು ಒಲೆಗೆ ಹಾಕು ಎಂದು ಮಾಲಕರು ನನಗೆ ಕೊಟ್ಟರು. ಹಾಕಲಿಲ್ಲ. ನನ್ನ ಬಗ್ಗೆ ಏನೇನು ಬರೆದಿದ್ದಾಳೆಂದು ನೋಡುವ ಚಟ. ಮೂರನೆಯ ದಿನ ಓದಿದೆ.

ನನ್ನ ಅನುಮಾನ ಸುಳ್ಳಾಗಿರಲಿಲ್ಲ. ಹನ್ನೊಂದು ಸಲವೂ ಅಲ್ಲಿತ್ತು. ದಿನಾಂಕ, ತಲೆ, ನನಗೆ ಹೇಳಿದ ಮಾತು, ನಾನು ಕೊಟ್ಟ ಉಡಾಫೆಯ ಉತ್ತರ. ಒಂದಕ್ಷರವೂ ಹೆಚ್ಚಿಗೆ ಇರಲಿಲ್ಲ. ಆದರೆ ಪ್ರತಿ ಟ್ರಿಪ್ಪಿನ ಎದುರಿಗೂ ಇನ್ನೊಂದು ಕಾಲಂ ಇತ್ತು, "ಅಣ್ಣನ ಗೇಣು" ಎಂದು. ಆರಂಭದಲ್ಲೇ "ಅಣ್ಣನ ಗೇಣು = 21 ಸೆಂ.ಮೀ." ಎಂದಿತ್ತು. ಸೋಮವಾರದ ಮರಳಿನ ಚೀಲದ ಲೆಕ್ಕಕ್ಕೆ ಎರಡು ಪುಟ. ಹನ್ನೆರಡು ಜನರ ಭಾರ, ಎಲ್ಲ ನಡುವಿನಲ್ಲಿದ್ದರೆ ಅಂಚು ನೀರಿನಿಂದ ಇಪ್ಪತ್ತೇಳು ಸೆಂಟಿಮೀಟರ್ ಮೇಲೆ. ಅದರಲ್ಲಿ ಐದು ಜನರ ಚೀಲ ಒಂದು ಬದಿಗೆ ಸರಿಸಿದರೆ ಒಂಬತ್ತು. ಹದಿನಾಲ್ಕು ಜನರ ಭಾರ ಇಟ್ಟು ಅರ್ಧ ಸರಿಸಿದರೆ, "ನೀರು ಒಳಗೆ". ಅದರ ಕೆಳಗೆ ಬರೆದಿದ್ದಳು: "ಕಡವಿನ ಜನಕ್ಕೆ ದೋಣಿಯಲ್ಲಿ ಕೂರಲು ಗೊತ್ತಿತ್ತು. ಇವರಿಗೆ ಗೊತ್ತಿಲ್ಲ. ಅಣ್ಣನ ಗೇಣು ತಪ್ಪಲ್ಲ, ಕೂತವರು ಬೇರೆ. ಬೋಟಿನ ಮೈಮೇಲೆ ಹನ್ನೆರಡಲ್ಲ, ಹತ್ತು ಬರೆಸಬೇಕು. ಅಣ್ಣನಿಗೆ ಮೊದಲು ತೋರಿಸಬೇಕು."

ನಲವತ್ತು ವರ್ಷ ನಾನು ಗೇಣು ಅಳೆದದ್ದು ಅಲುಗದೆ ಕೂತ ಜನರ ಮೇಲೆ. ಅವರು ಹುಟ್ಟಿದ್ದೇ ಹೊಳೆಯ ಬದಿಯಲ್ಲಿ, ದೋಣಿ ಹತ್ತಿದ ಕೂಡಲೇ ಕುಕ್ಕುರುಗಾಲಿನಲ್ಲಿ ಕೂರುವವರು. ಇದು ನನಗೆ ಯಾವತ್ತೂ ಹೊಳೆದಿರಲಿಲ್ಲ.

ಕೊನೆಯ ಪುಟದಲ್ಲಿ ಆ ಭಾನುವಾರದ ಸಾಲು: "ಹನ್ನೆರಡು. ಒಂದು ಗೇಣು, ಮೂರು ಬೆರಳು." ಬೋಟು ಹೊರಟಾಗ ಬರೆದದ್ದು. ಮಾಲಕರು ಅಲ್ಲಿಯವರೆಗೆ ಓದಿರಲಿಲ್ಲ. ಅದನ್ನು ಅವರಿಗೆ ತೋರಿಸಿದ್ದರೆ ಸಾಕಿತ್ತು. ಇವತ್ತು ತೋರಿಸುವ, ನಾಳೆ ತೋರಿಸುವ ಎಂದು ದಿನ ದೂಡಿದೆ. ಸರ್ವೆ ಮುಗಿಯಲಿ ಎಂದುಕೊಂಡೆ, ಪರೀಕ್ಷೆ ಮುಗಿಯಲಿ ಎಂದುಕೊಂಡೆ.

ಮಂಗಳೂರಿನಲ್ಲಿ ಪರೀಕ್ಷೆ. ಬರೆಯುವುದು ಕಡಿಮೆ, ಬಾಯಿಪ್ರಶ್ನೆ ಹೆಚ್ಚು. ಪರೀಕ್ಷೆ ಮಾಡಿದವರು ಕೇಳಿದರು: "ಜನರೆಲ್ಲ ಒಂದು ಬದಿಗೆ ಹೋದರೆ ದೋಣಿ ಎಷ್ಟು ವಾಲುತ್ತದೆ, ನಿಮಗೆ ಹೇಗೆ ಗೊತ್ತಾಗುತ್ತದೆ?" ನಾನು ಮರಳಿನ ಚೀಲದ ಲೆಕ್ಕವನ್ನು ಅಕ್ಷರ ಬಿಡದೆ ಹೇಳಿದೆ. ಇಪ್ಪತ್ತೇಳು, ಒಂಬತ್ತು, ನೀರು ಒಳಗೆ. ಆದ್ದರಿಂದ ನಮ್ಮ ಬೋಟಿಗೆ ಹತ್ತೇ ಜನ. ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು.

"ಭೇಷ್. ಇಷ್ಟು ಚೆನ್ನಾಗಿ ಯಾರೂ ಹೇಳಿಲ್ಲ. ಎಲ್ಲಿ ಕಲಿತದ್ದು?"

"ಅಪ್ಪನಿಂದ" ಎಂದೆ.

ಮೊದಲನೆಯ ಸುಳ್ಳು ಹೆದರಿಕೆಯಿಂದ ಬಂದದ್ದು. ಇದಕ್ಕೆ ಆ ಕಾರಣವೂ ಇರಲಿಲ್ಲ. ಸರ್ಟಿಫಿಕೇಟ್ ಬಂತು. ಮಾಲಕರು ಫ್ರೇಮ್ ಹಾಕಿಸಿ ಟಿಕೆಟ್ ಕೌಂಟರಿನ ಮೇಲೆ ತೂಗು ಹಾಕಿದ್ದಾರೆ, ನನ್ನ ಫೋಟೋ ಸಮೇತ.

ಕಳೆದ ವರ್ಷ ನೀಲಿ ಪುಸ್ತಕ ಚೀಲದಲ್ಲಿಟ್ಟುಕೊಂಡು ಮೂಡುಬಿದಿರೆಯ ಬಸ್ಸು ಹತ್ತಿದೆ. ಅವಳು ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿದ್ದಾಳೆಂದು ಗೊತ್ತಾಗಿತ್ತು. ರಸ್ತೆಯ ಈಚೆ ನಿಂತು ನೋಡಿದೆ. ಗಾಜಿನೊಳಗೆ ಯಾರಿಗೋ ಬಟ್ಟೆ ಅಳೆದು ಕೊಡುತ್ತಿದ್ದಳು. ಒಂದು ಸಲ ಅಳೆದು, ಮಡಿಸುವ ಮೊದಲು ಇನ್ನೊಮ್ಮೆ ಅಳೆದು ನೋಡಿದಳು. ಹೊಳೆಯಿಂದ ಅಷ್ಟು ದೂರ. ನಾನು ಎದುರಿನ ಹೋಟೆಲಿನಲ್ಲಿ ಚಾ ಕುಡಿದು, ಬಂದ ಬಸ್ಸಿನಲ್ಲೇ ವಾಪಸ್ಸು ಬಂದೆ. ಪುಸ್ತಕ ಚೀಲದಿಂದ ಹೊರಗೆ ಬರಲಿಲ್ಲ.

ಈಗ ನಮ್ಮ ಬೋಟಿನ ಮೈಮೇಲೆ "10" ಎಂದು ಬರೆದಿದೆ. ಕೆಂಪು ಹಗ್ಗ ನನ್ನ ಮಣಿಕಟ್ಟಿನಲ್ಲಿದೆ. ಆ ಜಾಗದ ಚರ್ಮ ಬಿಳುಚಿದೆ. ಜಾಕೆಟ್ ಜಗ್ಗಿ ನೋಡುತ್ತೇನೆ. ಬೆರಳು ಮಾಡಿ ತಲೆ ಎಣಿಸುತ್ತೇನೆ, ಒಮ್ಮೆ ಅಲ್ಲ, ಮೂರು ಸಲ. ಹೊಳೆಗೆ ಕೇಳಿಸಿದರೆ ಕೇಳಿಸಲಿ. ಹತ್ತುವ ಪ್ರತಿಯೊಬ್ಬರ ಹೆಸರನ್ನೂ ನಾನೇ ಕೇಳಿ ಬರೆಯುತ್ತೇನೆ. ನಾಲ್ಕು ವರ್ಷದಲ್ಲಿ ಎಷ್ಟೋ ರಿಜಿಸ್ಟರುಗಳು ತುಂಬಿವೆ, ಯಾರ್ಯಾರದ್ದೋ ಹೆಸರು, ಯಾವ್ಯಾವುದೋ ಊರು. ಒಂದು ಹೆಸರನ್ನು ಮಾತ್ರ ಎಲ್ಲಿಯೂ ಬರೆದಿಲ್ಲ. ಅವಳು ಇದ್ದಷ್ಟು ದಿನ ಬಾಯಿ ತುಂಬ ಒಮ್ಮೆಯೂ ಆ ಹೆಸರಿನಿಂದ ಕರೆದದ್ದೂ ಇಲ್ಲ. ಇವತ್ತು ಬರೆಯುತ್ತೇನೆ, ರಿಜಿಸ್ಟರಿನಲ್ಲಿ ಬರೆಯುವ ಕ್ರಮದಲ್ಲೇ.

ಊರು ಮೂಡುಬಿದಿರೆ. ವಯಸ್ಸು ಆಗ ಇಪ್ಪತ್ತೆಂಟು. ಹೆಸರು ಲವೀನಾ.